ಶರಣಮ್ಮನ ಪದ, ನನ್ನ ಕೆಂಪು ದೀಪ

ಒಂದೇ ತಲೆಯಲ್ಲಿ ಎರಡು ಸಂಶೋಧನೆ ಇಟ್ಟುಕೊಳ್ಳಬಾರದೆಂಬ ವಿವೇಕ ನನಗೆ ತಡವಾಗಿ ಬಂತು. ಬೀದರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಪ್ರೊಫೆಸರ್. ಬೆಳಗ್ಗೆ ಅತಿವಾಹಕಗಳ ಕೆಲಸ: ಹೈದರಾಬಾದಿನಿಂದ ದ್ರವ ನೈಟ್ರೋಜನ್ ತರಿಸಿ ಒಂದು ಚೂರು ವಸ್ತುವನ್ನು ವಿಪರೀತ ತಣಿಸಿದರೆ, ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಮಧ್ಯಾಹ್ನ ಸಂಗೀತದ ಕೆಲಸ: ಹಾಡುವವರ ಶ್ರುತಿ ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಕೆಂಪು ದೀಪ ತೋರಿಸುವ ಯಂತ್ರ. ಆ ಬರಗಾಲದ ವರ್ಷ ಊರಲ್ಲಿ ತಡೆಯಿಲ್ಲದೆ ಹರಿಯುತ್ತಿದ್ದದ್ದು ನನ್ನ ಪ್ರಯೋಗಾಲಯದ ವಿದ್ಯುತ್ತೊಂದೇ. ಅದೂ ಕರೆಂಟ್ ಇದ್ದಾಗ.

ನಮ್ಮ ವಿಭಾಗದಲ್ಲಿ ಕಸ ಗುಡಿಸುತ್ತಿದ್ದ ಶರಣಮ್ಮ ಭಾತಂಬ್ರಾದವರು. ಗುಡಿಸುತ್ತಲೇ ಬೀಸುವ ಪದ ಗುನುಗುವವರು. ಒಂದು ಬೆಳಗ್ಗೆ ಪೊರಕೆಯನ್ನು ಮೂಲೆಗಿಟ್ಟು, "ಇವತ್ತ ಕಡೀ ದಿನ್ರಿ ಸರ್. ಊರಾಗ ಬೋರ್ ಎಲ್ಲಾ ಬತ್ತ್ಯಾವ. ಮನಿಮಂದಿ ಹೈದರಾಬಾದಿಗಿ ಹೊಂಟೀವಿ, ಮಧ್ಯಾಹ್ನದ ಬಸ್ಸಿಗಿ" ಎಂದರು.

ದುಃಖಕ್ಕಿಂತ ಮೊದಲು ಬಂದದ್ದು ಸ್ವಾರ್ಥ, ಒಪ್ಪಿಕೊಳ್ಳುತ್ತೇನೆ. ಅಂಥ ದನಿ ಮತ್ತೆಲ್ಲಿ ಸಿಗಬೇಕು? "ಒಂದ್ ಪದ ಹಾಡಿ ಹೋಗ್ರಿ" ಎಂದು ಮೈಕು ಮುಂದಿಟ್ಟೆ.

ಅವರು ಕಣ್ಣು ಮುಚ್ಚಿ ಹಾಡಿದರು. ಪಕ್ಕದ ಕೋಣೆಯ ಗುಮಾಸ್ತರು ಫೈಲು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಯಂತ್ರ ಮಾತ್ರ ಮೊದಲಿನಿಂದ ಕೊನೆತನಕ ಕೆಂಪು.

"ಕೆಂಪಂದ್ರ ಏನ್ರಿ ಸರ್?"

"ಶ್ರುತಿ ತಪ್ಪ್ಯದ ಅಂತದ..." ಎಂದು ತೊದಲಿದೆ.

ಶರಣಮ್ಮನ ಮುಖ ಸಣ್ಣಗಾಯಿತು. "ನಮ್ಮವ್ವ ಕಲಿಸಿದ್ ಪದ್ರಿ. ಇಷ್ಟ್ ವರ್ಷ ತಪ್ಪೇ ಹಾಡೀನೇನ್ರಿ?" ಆಮೇಲೆ ಸೆರಗು ಬಿಗಿದು, "ನೀವೊಂದ್ ಹಾಡ್ರಿ, ನೋಡಮು" ಎಂದರು.

ಹಾಡಿದೆ. ಗುಮಾಸ್ತರು ಬಾಗಿಲು ಹಾಕಿಕೊಂಡು ಹೋದರು. ದೀಪ ಮಾತ್ರ ಹಸಿರೋ ಹಸಿರು! ಆಗ ಹೊಳೆಯಿತು: ಯಂತ್ರ ಕಟ್ಟುವಾಗ ಹಾಡುವವರು ಯಾರೂ ಸಿಗದೆ, ಸರಿಯಾದ ಸ್ವರ ಯಾವುದೆಂದು ಅದಕ್ಕೆ ನನ್ನ ಗಂಟಲಿನಿಂದಲೇ ಪಾಠ ಹೇಳಿದ್ದೆ.

ನಿಜ ಹೇಳಿದಾಗ ಶರಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ, ಮಷೀನಿಂದ್ ಏನ್ ತಪ್ಪದ್ರಿ? ಮಾಸ್ತರ್ ಹ್ಯಾಂಗೋ, ಸಾಲಿ ಹಂಗ!" ಹಾಗೆಂದವರು ನೆಲದ ಮೇಲೆ ಕೂತು, ಬಸ್ಸಿನ ಹೊತ್ತಿನವರೆಗೆ ತಮಗೆ ಬರುವ ಪದಗಳನ್ನೆಲ್ಲ ಯಂತ್ರದ ಹೊಸ ಪಾಠಕ್ಕೆಂದು ಹಾಡಿಕೊಟ್ಟರು. ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದೆ. ಬಸ್ಸು ಹೋದಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮಳೆಯಾದ ಮೇಲೆ ಅವರು ಮರಳಿದರು. ಬಂದವರೇ, "ಮಷೀನ್ ಸುಧಾರಿಸ್ಯದೇನ್ರಿ?" ಎಂದರು. ಚಾಲೂ ಮಾಡಿದೆ. ಅವರು ಒಂದು ಸಾಲು ಹಾಡಿದರು: ಹಸಿರು. ಸಂತೋಷ ತಡೆಯಲಾರದೆ ನಾನೂ ದನಿಗೂಡಿಸಿದೆ. ತಕ್ಷಣ ಕೆಂಪು.

"ಖರೇನೇ ಸುಧಾರಿಸ್ಯದ್ರಿ" ಎಂದು ಶರಣಮ್ಮ ತಲೆದೂಗಿದರು.