ಠಾಣೆಯ ಪುಸ್ತಕದಲ್ಲಿ ಒಂದು ಏಕಾದಶಿ

ಆಂಧ್ರದ ಆದೋನಿಯ ಪೊಲೀಸ್ ಠಾಣೆಗೆ ಕಳ್ಳರಿಗಿಂತ ಹೆಚ್ಚು ಸಲ ಹೋಗಿಬಂದ ಸಜ್ಜನರು ಯಾರಾದರೂ ಇದ್ದರೆ ಅವರು ನಮ್ಮ ಸೋದರಮಾವ. ಕಳ್ಳರಾದರೂ ಎಳೆದುಕೊಂಡು ಹೋದಾಗ ಮಾತ್ರ ಹೋಗುತ್ತಾರೆ. ಮಾವ ಯಾರೂ ಕರೆಯದೆ ಹೋಗುತ್ತಿದ್ದರು. ಅದೂ ಮೂರು ತಿಂಗಳು, ಕಂಕುಳಲ್ಲಿ ಪಂಚಾಂಗ ಇಟ್ಟುಕೊಂಡು!

ಮಾವ ಕನ್ನಡ ಶಾಲೆಯ ನಿವೃತ್ತ ಮೇಷ್ಟ್ರು. ಅರ್ಧ ಈ ಲೋಕದಲ್ಲಿ, ಇನ್ನರ್ಧ ತಿಥಿ ನಕ್ಷತ್ರಗಳಲ್ಲಿ ಇರುವವರು. ಒಮ್ಮೆ ಬದನೆಕಾಯಿ ತರಲು ಹೋದವರು ಹುಣ್ಣಿಮೆ ಎಷ್ಟು ಗಳಿಗೆಗೆ ಮುಗಿಯುತ್ತದೆಂದು ಯೋಚಿಸುತ್ತ ಆಸ್ಪರಿ ಬಸ್ಸು ಹತ್ತಿ ಕೂತಿದ್ದರು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ, "ಪಾಡ್ಯಕ್ಕ" ಅಂದರಂತೆ. ನಾನಾಗ ಕಾಲೇಜು ಓದುತ್ತ ಅವರ ಮನೆಯಲ್ಲಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಹತ್ತಿ ಮಿಲ್ಲುಗಳ ಕಡೆಯಿಂದ ಅರಳೆಯ ಎಳೆಗಳು ಗಾಳಿಯಲ್ಲಿ ತೇಲಿಬಂದು ಬೀದಿಯ ಮೇಲೆ, ಎಮ್ಮೆಯ ಬೆನ್ನಿನ ಮೇಲೆ, ನಮ್ಮ ತಲೆಯ ಮೇಲೆ ಮೆಲ್ಲಗೆ ಇಳಿಯುತ್ತಿದ್ದವು. ಅಂಥ ಊರಿನಲ್ಲಿ ಮನುಷ್ಯ ಪೂರ್ತಿ ಎಚ್ಚರವಾಗಿರಲು ಸಾಧ್ಯವೇ?

ಪಕ್ಕದ ಮನೆಯ ಆಚಾರ್ರು ಮಾವನ ನಲವತ್ತು ವರ್ಷದ ಗೆಳೆಯರು. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಒಂದೇ ಬಾವಿ. ಆದರೆ ಮಠ ಬೇರೆ, ಆದ್ದರಿಂದ ಪಂಚಾಂಗವೂ ಬೇರೆ. ಅಪರೂಪಕ್ಕೊಮ್ಮೆ ಇವರ ಏಕಾದಶಿ ಒಂದು ದಿನ ಬಂದರೆ ಅವರದು ಇನ್ನೊಂದು ದಿನ. ಆ ಸಲ ಆಚಾರ್ರ ಉಪವಾಸ ಹಿಂದಿನ ದಿನವೇ ಮುಗಿದಿತ್ತು. ಮಾವ ಹನಿ ನೀರೂ ಕುಡಿಯದೆ ಕೂತಿದ್ದ ಬೆಳಿಗ್ಗೆ ಪಕ್ಕದ ಮನೆಯಲ್ಲಿ ದ್ವಾದಶಿಯ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ. ಮೊದಲು ತುಪ್ಪದ ಒಗ್ಗರಣೆಯ ವಾಸನೆ ಗೋಡೆ ಹಾರಿ ಬಂತು. ಆಮೇಲೆ ಹೆಸರುಬೇಳೆ ಪಾಯಸದ ವಾಸನೆ ಬಂತು. ಕೊನೆಗೆ ಆಚಾರ್ರ ದನಿಯೂ ಬಂತು.

"ರಾಯರ, ಪಾರಣಿಗೆ ಬರ್ರಿ. ಎಲಿ ಹಾಕೀವಿ."

"ಇವತ್ತು ಏಕಾದಶಿ ಅದರೀ."

"ನಿಮ್ಮ ಪಂಚಾಂಗ ಪ್ಯಾಸೆಂಜರ್ ಗಾಡಿ ಇದ್ದಂಗ. ಒಂದು ದಿನ ತಡಾ ಬರ್ತದ."

ಹಸಿದ ಹೊಟ್ಟೆಗೆ ತಮಾಷೆ ಹಿಡಿಸುವುದಿಲ್ಲ. ಮಾವ ಶಲ್ಯ ಹೊದ್ದು ನೇರ ಠಾಣೆಗೆ ನಡೆದರು. ಪಾಯಸ ಮಾಡುವುದು ಯಾವ ಕಾನೂನಿನಲ್ಲಿ ಅಪರಾಧ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಹೆಡ್ ಕಾನ್‌ಸ್ಟೇಬಲ್ ಸಾಧು ಮನುಷ್ಯ. "ಏಕಾದಶಿಯ ದಿನ ವ್ರತ ಕೆಡಿಸಲು ಯತ್ನ" ಎಂದು ಮಾವ ಹೇಳಿದ್ದನ್ನು ಠಾಣೆಯ ಪುಸ್ತಕದಲ್ಲಿ ತೆಲುಗಿನಲ್ಲಿ ಬರೆದುಕೊಂಡು ಆಚಾರ್ರನ್ನು ಕರೆಸಿದರು. ಅವರೂ ತಮ್ಮ ಪಂಚಾಂಗ ತಂದರು. ಎರಡು ಪಂಚಾಂಗಗಳ ನಡುವೆ ಸಿಕ್ಕಿಬಿದ್ದ ಹೆಡ್ಡು ತಲೆಯೆತ್ತಿ ಗೋಡೆಯ ಕ್ಯಾಲೆಂಡರ್ ನೋಡಿದರು. ಅಲ್ಲಿ ಇನ್ನೂ ಹೋದ ತಿಂಗಳು ನಡೆಯುತ್ತಿತ್ತು!

"ಇಬ್ಬರೂ ಪೆದ್ದವರು, ಮನೀಗೆ ಹೋಗ್ರಿ ಸ್ವಾಮೀ," ಎಂದರು. ತೆಲುಗಿನಲ್ಲಿ ಪೆದ್ದವರು ಅಂದರೆ ದೊಡ್ಡವರು, ಆ ಊರಲ್ಲಿ ಅದು ಎಲ್ಲರಿಗೂ ಗೊತ್ತು. "ಒಬ್ಬರು ಉಂಡು ಮಲಗ್ರಿ, ಒಬ್ಬರು ಉಣ್ಣದ ಮಲಗ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಮಾವನಿಗೆ ಹೊಳೆಯಿತು: ಠಾಣೆಯ ಪುಸ್ತಕದಲ್ಲಿ 'ಏಕಾದಶಿಯ ದಿನ' ಎಂದು ಸರಕಾರವೇ ಬರೆದಿದೆ. ಅಂದರೆ ಸರಕಾರ ಒಪ್ಪಿದ ಹಾಗಾಯಿತಲ್ಲ! ಮೊಹರು ಒತ್ತಿದ ಒಂದು ನಕಲು ಸಿಕ್ಕರೆ ಸಾಕು, ಆಚಾರ್ರ ಮುಂದೆ ಹಿಡಿದು ನಲವತ್ತು ವರ್ಷದ ವಾದ ಮುಗಿಸಬಹುದು. ಮಾವ ತೆಲುಗನ್ನು ಅರಳು ಹುರಿದಂತೆ ಮಾತಾಡುತ್ತಿದ್ದರು, ಬರೆಯಲು ಬಾರದು. ನಾನು ಎಮ್ಮಿಗನೂರಿನ ಶಾಲೆಯಲ್ಲಿ ತೆಲುಗು ಓದಿದವಳು. ಹೀಗೆ ಅರ್ಜಿ ಬರೆಯುವ ಯೋಗ ನನ್ನ ಪಾಲಿಗೆ ಬಂತು.

"ಸಾಹೇಬರ ಸಹಿ ಬೇಕು. ನಾಳೆ ಬರ್ರಿ," ಎನ್ನುತ್ತಿದ್ದರು ಹೆಡ್ಡು. ನಾಳೆ ಹೋದರೆ ಮತ್ತೆ ನಾಳೆ. ಠಾಣೆಯ ಬೇವಿನ ಮರದ ಕೆಳಗಿನ ಬೆಂಚು ನಮ್ಮದೇ ಆಯಿತು. ಆ ಮಧ್ಯಾಹ್ನಗಳು ಈಗಲೂ ನನಗೆ ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಿವೆ. ಪಹರೆಯವನು ತೂಕಡಿಸುತ್ತಿದ್ದ. ಕಿಟಕಿಯಿಂದ ಅರಳೆಯ ಎಳೆಯೊಂದು ತೇಲಿಹೋಗಿ ಫೈಲಿನ ಮೇಲೆ ಕೂರುತ್ತಿತ್ತು, ಅದನ್ನು ಯಾರೂ ಓಡಿಸುತ್ತಿರಲಿಲ್ಲ. ಯಾಕೆ ಬಂದಿದ್ದೇವೆ ಎಂಬುದು ನಮಗೂ ಮರೆಯುತ್ತಿತ್ತು. ಪೊಲೀಸರು ಒಬ್ಬೊಬ್ಬರಾಗಿ ಬಂದು ಮಾವನ ಹತ್ತಿರ ಮಗಳ ಮದುವೆಗೆ ಮುಹೂರ್ತ, ಎಮ್ಮೆ ಕೊಳ್ಳಲು ಒಳ್ಳೆಯ ದಿನ ಕೇಳತೊಡಗಿದರು. ಒಮ್ಮೆ ಕಳ್ಳನ ಸುಳಿವು ಸಿಕ್ಕಿ ಹೊರಟವರನ್ನು ಮಾವ ರಾಹುಕಾಲ ಎಂದು ತಡೆದು ಕೂರಿಸಿದರು. ಕಳ್ಳನಿಗೆ ಅಂಥ ಶುಭಕಾಲ ಮತ್ತೆ ಬಂದಿರಲಾರದು!

ಇಷ್ಟರಲ್ಲಿ ಗೆಳೆಯರ ಮಾತು ನಿಂತೇ ಹೋಗಿತ್ತು. ಒಬ್ಬರು ಬಾವಿಗೆ ಬಂದರೆ ಇನ್ನೊಬ್ಬರು ಒಳಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಆಚಾರ್ರ ಹೆಂಡತಿ ನೀರು ಸೇದುತ್ತ ನಮ್ಮ ಅತ್ತೆಗೆ ಹೇಳಿದರು:

"ಮಗಗ ಸರಕಾರಿ ಕೆಲಸ ಬಂದದ ವೈನಿ. ಆದ್ರ ಮನಿತನದ ನಡತಿ ಹೆಂಗದ ಅಂತ ಠಾಣ್ಯಾಗ ವಿಚಾರಸ್ತಾರಂತ. ಅಲ್ಲಿ ನಮ್ಮನಿಯವರ ಹೆಸರು ಬರದದಲ್ಲ. ಇವರಿಗೆ ರಾತ್ರಿ ನಿದ್ದಿ ಇಲ್ಲ."

ಮಾವ ಅದನ್ನು ಕೇಳಿಸಿಕೊಂಡರು. ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅವತ್ತು ಯಾವ ಪಂಚಾಂಗದಲ್ಲೂ ಏಕಾದಶಿ ಇರಲಿಲ್ಲ.

ಮರುದಿನ ಠಾಣೆ ಬಾಗಿಲಲ್ಲೇ ಹೇಳಿದರು. "ನಕಲು ಬ್ಯಾಡರೀ. ಬರದದ್ದು ಅಳಿಸಿಬಿಡ್ರಿ."

"ಅಳಿಸಾಕ ಬರಂಗಿಲ್ಲ ಸ್ವಾಮೀ, ಪುಟಕ್ಕ ನಂಬರ್ ಐತಿ," ಎಂದರು ಹೆಡ್ಡು. "ಬೇಕಾದ್ರ ಇನ್ನೊಂದು ಹೇಳಿಕಿ ಕೊಡ್ರಿ. ಆದ್ರ ತಪ್ಪು ಯಾರದು ಅಂತ ಬರೀಬೇಕಾಗತೈತಿ."

ಮಾವ ಶಲ್ಯ ಸರಿಮಾಡಿಕೊಂಡರು. ಆಮೇಲೆ ಪಾಠ ಹೇಳುವ ದನಿಯಲ್ಲಿ ಶುರು ಮಾಡಿದರು.

"ಬರ್ಕೋರಿ. ಅವತ್ತು ದ್ವಾದಶಿನೇ ಇತ್ತು. ನಾನು ತಿಥಿ ತಪ್ಪು ನೋಡಿ ತಪ್ಪು ದಿನ ಉಪವಾಸ ಮಾಡಿದೆ. ಅವರು ಹಸದವನ್ನ ಊಟಕ್ಕ ಕರದ್ರು. ಬ್ಯಾರೆ ಏನೂ ಮಾಡಿಲ್ಲ."

ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಿಥಿಯ ವಿಷಯದಲ್ಲಿ ದೇವರು ಬಂದು ಹೇಳಿದರೂ ಸೋಲದ ಮನುಷ್ಯ, ಸರಕಾರದ ಪುಸ್ತಕದಲ್ಲಿ ಸೋತೆನೆಂದು ಬರೆಸಿ ಸಹಿ ಹಾಕಿದರು. ಮೂರು ತಿಂಗಳು ಆ ಪುಟದ ನಕಲು ಸಿಕ್ಕಿರಲಿಲ್ಲ, ಈ ಹೇಳಿಕೆಯ ನಕಲು ಮಾತ್ರ ಅವತ್ತು ಸಂಜೆಯೊಳಗೆ ಮೊಹರಿನ ಸಮೇತ ಕೈಗೆ ಬಂತು. ಹುಡುಗನ ಕೆಲಸಕ್ಕೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ಹೆಡ್ಡು ಭರವಸೆ ಕೊಟ್ಟರು.

ಮಾವನ ಜೊತೆ ಅದನ್ನು ಆಚಾರ್ರ ಮನೆಗೆ ಒಯ್ದು ನಾನೇ ಓದಿ ಹೇಳಿದೆ. ಆಚಾರ್ರು ಕಣ್ಣು ಕೆಳಗೆ ಹಾಕಿ ಕೇಳಿಸಿಕೊಂಡರು.

"ಇದು ಸುಳ್ಳು ರಾಯರ. ನಿಮಗ ಅವತ್ತು ಏಕಾದಶಿನೇ ಇತ್ತು."

"ಸರಕಾರ ಬರದದ ಆಚಾರ್ರ. ಈಗ ನಾವು ಏನು ಮಾಡಲಿಕ್ಕಾಗ್ತದ," ಎಂದರು ಮಾವ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಬರೋ ಏಕಾದಶಿ ಯಾವತ್ತು? ನೀವೇ ಹೇಳ್ರಿ."

ಆಚಾರ್ರು ಪಂಚಾಂಗದ ಕಡೆ ತಿರುಗಿಯೂ ನೋಡಲಿಲ್ಲ. ನಲವತ್ತು ವರ್ಷ ವಾದ ಮಾಡಿದ ಮನುಷ್ಯ ಮಾವನ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದರು.