ಜುಳುಜುಳುವಿಗೆ ಎತ್ತಿದ ಗೇಟು

ನಡುವೆ ನಿಲ್ಲಿಸಲಾಗದ ಕೆಲಸಗಳು ಲೋಕದಲ್ಲಿ ಬಹಳ ಇಲ್ಲ. ಓಡುವ ಬಸ್ಸನ್ನು ಕಂಡಕ್ಟರ್ ಒಂದು ಸೀಟಿ ಊದಿ ನಿಲ್ಲಿಸುತ್ತಾನೆ. ಅಕ್ಕಿಕಾಳು ಕೈಯಲ್ಲಿ ಹಿಡಿದು ನಿಂತ ಜನರ ಎದುರಿಗೇ ಮದುವೆ ನಿಂತದ್ದನ್ನು ನಾನು ಶಹಾಪುರದಲ್ಲಿ ಕಣ್ಣಾರೆ ನೋಡಿದ್ದೇನೆ; ಅಂದು ನಿಲ್ಲದೆ ನಡೆದದ್ದು ಊಟ ಒಂದೇ. ಆದರೆ ಮೈಕಿನ ಮುಂದೆ ನಿಂತ ಕವಿ ತನ್ನ ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಕರೆಂಟು ಹೋದರೆ ಅವನು ದನಿ ಏರಿಸುತ್ತಾನೆ. ಅಧ್ಯಕ್ಷರು ಚೀಟಿ ಕಳಿಸಿದರೆ ಅದನ್ನು ಮೆಚ್ಚುಗೆ ಎಂದು ತಿಳಿದು ಜೇಬಿಗಿಳಿಸುತ್ತಾನೆ. ನಾನೂ ಆ ಜಾತಿಯ ಪ್ರಾಣಿಯೇ. ನಿಲ್ಲಿಸಬೇಕಾಗಿದ್ದ ಒಂದು ಪದ್ಯವನ್ನು ನಿಲ್ಲಿಸದೆ ಓದಿ ಮುಗಿಸಿದ ಪಾಪಿ ನಾನು. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ದಂಡೆಗೆ ಆತುಕೊಂಡ ಹಳ್ಳಿ. ನಮ್ಮಜ್ಜನ ಕಾಲದಲ್ಲಿ ಇಲ್ಲಿ ಜೋಳ, ತೊಗರಿ ಬೆಳೆಯುತ್ತಿದ್ದವು. ಕಾಲುವೆ ಬಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ನೀರು ಕಂಡ ಕಡೆಯೆಲ್ಲ ಹುಟ್ಟುವ ಇನ್ನೊಂದು ಬೆಳೆಯಾದ ಕವಿಗಳೂ ಬಂದರು. ಊರಿನ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ಅತಿಥಿ ಎಂದರೆ ಯಾವಾಗ ಎದ್ದು ಹೋಗು ಅನ್ನುತ್ತಾರೋ ಗೊತ್ತಿಲ್ಲದವನು. ಆ ಭಯ ಮರೆಯಲು ಪ್ರಕೃತಿಯ ಮೇಲೆ ಪದ್ಯ ಬರೆಯುತ್ತಿದ್ದೆ. ನೋಡಿದ ಪ್ರಕೃತಿಯ ಮೇಲಲ್ಲ, ಓದಿದ ಪ್ರಕೃತಿಯ ಮೇಲೆ. ಜಾಲಿಮುಳ್ಳು ಕಾಲಿಗೆ ಚುಚ್ಚಿಸಿಕೊಂಡು ಮನೆಗೆ ಬಂದು ಮಂಜಿನ ಹನಿಯ ಮೇಲೆ ಬರೆಯುತ್ತಿದ್ದೆ. ಒಮ್ಮೆ ಸುರಪುರದ ಕವಿಗೋಷ್ಠಿಯಲ್ಲಿ, ಬಿರುಬೇಸಿಗೆಯ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಫ್ಯಾನು ನಿಂತ ಹೊತ್ತಿನಲ್ಲಿ, ತಂಗಾಳಿಯ ಮೇಲೆ ಹನ್ನೆರಡು ನುಡಿಯ ಪದ್ಯ ಓದಿದೆ. ಹಿಂದಿನ ಸಾಲಿನಿಂದ ಒಬ್ಬ ಮುದುಕ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ, "ಮಾಸ್ತರ, ಆ ತಂಗಾಳಿ ಜರಾ ಈ ಕಡೀಗೂ ಬಿಡ್ರಿ" ಅಂದ. ಜನ ನಕ್ಕರು. ನಾನು ಉಳಿದ ನುಡಿಗಳನ್ನೂ ಓದಿಯೇ ಇಳಿದೆ.

ಇಂಥ ನನಗೆ ಯಾದಗಿರಿಯ ಒಂದು ಸಾಹಿತ್ಯ ಬಳಗದಿಂದ ಫೋನು ಬಂತು. ಬಳಗ ನಡೆಸುವವರು ಗುರುಲಿಂಗಪ್ಪ ಸರ್, ನಿವೃತ್ತ ಕನ್ನಡ ಉಪನ್ಯಾಸಕರು. ಪ್ರಕೃತಿ ಕಾವ್ಯದ ಒಂದು ದಿನದ ಕಮ್ಮಟ ಮಾಡುತ್ತಾರಂತೆ, ಬೆಂಗಳೂರಿನಿಂದ ಒಬ್ಬ ಹಿರಿಯ ಕವಿ ಬರುತ್ತಾರಂತೆ, ಸಭಾಭವನ ಬೇಡವಂತೆ. "ನಿಮ್ಮೂರ ಕಾಲುವಿ ದಂಡಿ ಮ್ಯಾಲೆ ಒಂದು ದೊಡ್ಡ ಬೇವಿನ ಗಿಡ ಅದಲ್ಲ, ಅದರ ಬುಡಕ್ಕ ಮಾಡೋಣ. ಹಿರಿಯರಿಗೆ ಹರಿಯೋ ನೀರಿನ ಸಪ್ಪಳ ಬೇಕಂತ. ಜುಳುಜುಳು ಅನ್ನಬೇಕು, ನೋಡಪಾ" ಅಂದರು. ಜೊತೆಗೆ, ಮೊದಲ ಪದ್ಯ ನನ್ನದೇ ಎಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಉಳಿದದ್ದೊಂದೂ ಕೇಳಿಸಲಿಲ್ಲ. ಜುಳುಜುಳು ಏನು, ಬೇಕೆಂದರೆ ಜೋಗದ ಗುಂಡಿಯನ್ನೇ ತಂದಿಡುತ್ತೇನೆಂಬ ಹುಮ್ಮಸ್ಸಿನಲ್ಲಿ "ಆಯ್ತ್ರಿ ಸರ್" ಅಂದುಬಿಟ್ಟೆ.

ಕಾಲುವೆ ಸೀಮೆಯವರಿಗೆ ಚಾಲು-ಬಂದ್ ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಮ್ಮ ಕಾಲುವೆಗೆ ನೀರು ಸದಾ ಬರುವುದಿಲ್ಲ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ಮೇಲಿನವರು ಪಟ್ಟಿ ಹಾಕುತ್ತಾರೆ. ನಮ್ಮೂರಲ್ಲಿ ಬೀಗರನ್ನು ಕರೆಯುವುದು, ಹುಡುಗರಿಗೆ ಈಜು ಕಲಿಸುವುದು, ಎಮ್ಮೆ ಮೈ ತೊಳೆಯುವುದು ಎಲ್ಲವೂ ಆ ಪಟ್ಟಿ ನೋಡಿಯೇ. ಬಂದ್ ದಿನಗಳಲ್ಲಿ ಕಾಲುವೆಯ ಸಿಮೆಂಟಿನ ತಳ ಒಣಗಿ ಅಂಗಳದ ಹಾಗಾಗುತ್ತದೆ. ಕಮ್ಮಟದ ದಿನ ಬಂದ್‌ನ ನಟ್ಟನಡುವೆ ಬಿದ್ದಿತ್ತು. ಪಟ್ಟಿ ನಮ್ಮ ಶಾಲೆಯ ಗೋಡೆಗೇ ಅಂಟಿಸಿತ್ತು. ದಿನಾ ಅದರ ಪಕ್ಕದಲ್ಲೇ ನಿಂತು ಮಕ್ಕಳಿಂದ ಪ್ರಾರ್ಥನೆ ಹೇಳಿಸುವ ನಾನು ಅದನ್ನು ಓದಿದ್ದು ಮಾತು ಕೊಟ್ಟ ಮೇಲೆ.

ಆದರೆ ನನಗೊಬ್ಬ ಭೀಮಣ್ಣ ಕಾಕಾ ಇದ್ದಾನಲ್ಲ. ನಮ್ಮಪ್ಪನ ತಮ್ಮ. ನಮ್ಮೂರ ಕಡೆ ತಿರುಗುವ ಕಾಲುವೆಯ ಗೇಟು ಎತ್ತಿ ಇಳಿಸುವುದು ಅವನ ಕೆಲಸ, ಅದೂ ದಿನಗೂಲಿಯ ಮೇಲೆ. ದೊಡ್ಡ ಕಾಲುವೆಯಲ್ಲಿ ನೀರು ನಿಂತೇ ಇತ್ತು. ಕಾಕಾ ಕೈ ತಿರುಗಿಸಿದರೆ ಸಾಕಿತ್ತು. ಸಂಜೆ ಹೋಗಿ ಅವನ ಪಕ್ಕ ಕುಳಿತೆ.

"ಜುಳುಜುಳು ಅಂದ್ರ ಏನಲೇ?" ಅಂದ.

"ನೀರಿನ ಸಪ್ಪಳ, ಕಾಕಾ."

"ನಮ್ಮ ನೀರು ಹಂಗ ಅನ್ನಂಗಿಲ್ಲ. ಸಿಮೆಂಟಿನ್ಯಾಗ ಬರ್ತದ, ಸುಮ್ಮನ ಬರ್ತದ."

"ಕವಿಗಳಿಗೆ ಕೇಳಸ್ತದ ಬಿಡು. ಅರ್ಧ ತಾಸು ಎತ್ತು ಸಾಕು."

"ಬಂದ್ ಇದ್ದಾಗ ಗೇಟ್ ಎತ್ತಿದ್ದು ಸಾಹೇಬ್ರಿಗೆ ಗೊತ್ತಾದ್ರ ನನ್ನ ನೌಕರಿ ಖತಂ. ಆಮ್ಯಾಲೆ ನಾನೂ ನಿನ್ನ ಜೋಡಿ ಕವಿತಾ ಬರಿಬೇಕಾಗ್ತದ."

ಹಾಗೆಂದವನು ಮರುದಿನ, "ನಾಕು ಮಂದ್ಯಾಗ ನಿನ್ನ ಹೆಸರು ಬರ್ತದಂದ್ರ ಎತ್ತತೀನಿ, ನಡಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಸಣ್ಣವ್ವನ ಮುಂದೂ ಹೇಳಬ್ಯಾಡ, ಆಕಿ ಬಾಯಾಗ ಮಾತು ನಿಲ್ಲಂಗಿಲ್ಲ" ಅಂದ. ನಾನು ಹೇಳಲಿಲ್ಲ. ಜೀವಮಾನದಲ್ಲಿ ನಾನು ಉಳಿಸಿಕೊಂಡ ಗುಟ್ಟು ಅದೊಂದೇ, ಅದನ್ನು ಉಳಿಸಿಕೊಳ್ಳಬಾರದಿತ್ತು.

ಸಣ್ಣವ್ವ ಎಂದರೆ ಭೀಮಣ್ಣ ಕಾಕಾನ ಹೆಂಡತಿ. ಆ ವರ್ಷ ಅವಳ ಹೊಲದ ಮೆಣಸಿನಕಾಯಿ ಚೆನ್ನಾಗಿ ಬಂದಿತ್ತು. ಬಿಡಿಸಿ ತಂದು ಬೇವಿನ ಮರದ ಮುಂದಿನ ಬಯಲಲ್ಲಿ ಒಣಹಾಕಿದ್ದಳು. ಆ ಕಾಯಿ ಮಾರಿ ಮಗಳು ಶರಣಮ್ಮನನ್ನು ಯಾದಗಿರಿಯಲ್ಲಿ ನರ್ಸಿಂಗ್ ಓದಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಶರಣಮ್ಮ ಆಗಲೇ ಊರ ಮುದುಕಿಯರ ನಾಡಿ ಹಿಡಿದು ನೋಡಲು ಶುರು ಮಾಡಿದ್ದಳು. ಕಮ್ಮಟದ ಹಿಂದಿನ ದಿನ ನಾನು ದೊಡ್ಡ ಮನುಷ್ಯನ ಠೀವಿಯಲ್ಲಿ ಹೋಗಿ, "ಸಣ್ಣವ್ವ, ನಾಳಿಗೆ ಇಲ್ಲಿ ಕವಿಗಳ ಗಾಡಿ ನಿಲ್ಲತಾವ. ಕಾಯಿ ಎತ್ತಬೇಕಾಗ್ತದ" ಅಂದೆ.

"ಎತ್ತಿ ಎಲ್ಲಿ ಹಾಕಲಿ? ನಿನ್ನ ತಲಿ ಮ್ಯಾಲ?"

"ಎಲ್ಲರೆ ಹಾಕು. ಮತ್ತ ಮಂದಿಗೆ ಊಟಕ್ಕ ನಿನ್ನ ಕೈಯಿಂದ್ಲೇ ರೊಟ್ಟಿ, ಜುಣಕ ಮಾಡಬೇಕು."

ಬೈದುಕೊಂಡೇ ಒಪ್ಪಿದಳು. ಮರುದಿನ ಕಾಕಾ ಬೆಳಿಗ್ಗೆಯೇ ಗೇಟಿನ ಕಡೆ ಹೋದ ಮೇಲೆ ತಾಯಿ, ಮಗಳು ಇಬ್ಬರೂ ಕಾಯಿಯನ್ನು ಹೊತ್ತು, ಬಂದ್ ಕಾಲದಲ್ಲಿ ನಮ್ಮೂರ ಯಾವ ಹೆಂಗಸಾದರೂ ಮಾಡುವ ಕೆಲಸವನ್ನೇ ಮಾಡಿದರು. ಗೇಟಿನ ದಿಕ್ಕಿಗೆ ಒಂದು ತಿರುವಿನಾಚೆ, ಒಣಗಿದ ಕಾಲುವೆಯ ಸಿಮೆಂಟಿನ ತಳದಲ್ಲಿ ಹರವಿದರು. ಧೂಳಿಲ್ಲ, ಮುಳ್ಳಿಲ್ಲ, ಬಿಸಿಲು ನೆಟ್ಟಗೆ ಬೀಳುತ್ತದೆ. ಹರವಿಟ್ಟು, ನನ್ನ ಅತಿಥಿಗಳಿಗೆ ರೊಟ್ಟಿ ಬಡಿಯಲು ಮನೆಗೆ ಹೋದರು. ಕಾಯಿಯ ಜಾಗದಿಂದ ಗೇಟು ಕಾಣುವುದಿಲ್ಲ. ಗೇಟಿನಿಂದ ಕಾಯಿ ಕಾಣುವುದಿಲ್ಲ. ನಾನು ಮೈಕಿನ ವೈರು ಎಳೆಯುತ್ತಿದ್ದೆ. ಅವೆಲ್ಲ ನನಗೂ ಕಾಣಲಿಲ್ಲ.

ಹಿರಿಯರು ಬಂದರು. ಒಣಗಿದ ಕಾಲುವೆ ನೋಡಿ ಅವರ ಮುಖವೂ ಒಣಗಿತು. "ಸರ್, ಹನ್ನೆರಡಕ್ಕೆ ನೀರು ಬರುತ್ತದೆ" ಎಂದು, ಗಂಗೆಯನ್ನು ಜಟೆಯಲ್ಲಿ ಕಟ್ಟಿಟ್ಟುಕೊಂಡವನ ಹಾಗೆ ಹೇಳಿದೆ. ಬೆಳಗಿನ ಹೊತ್ತು ಅವರು ಪ್ರಕೃತಿಯನ್ನು ನೋಡುವುದು ಹೇಗೆಂದು ಕಲಿಸಿದರು. ಕಣ್ಣು ಮುಚ್ಚಿಕೊಳ್ಳಬೇಕಂತೆ. ನಾವು ನಲವತ್ತು ಜನ ಬೇವಿನ ಕೆಳಗೆ ಕಣ್ಣು ಮುಚ್ಚಿ ಕುಳಿತೆವು. ಸಗರದ ಒಬ್ಬ ಕವಿಯ ಗೊರಕೆ ಮಾತ್ರ ಸಹಜವಾಗಿತ್ತು.

ಹನ್ನೆರಡಕ್ಕೆ ನಾನು ಮೈಕಿನ ಮುಂದೆ ನಿಂತೆ. ಪದ್ಯದ ಹೆಸರು "ಬಾ ನೀರೆ". ಎರಡನೆಯ ನುಡಿಗೆ ನೀರು ನಿಜವಾಗಿಯೂ ಬಂತು. ಕಾಕಾ ಹೇಳಿದ್ದೇ ಖರೆ; ಜುಳುಜುಳು ಅನ್ನಲಿಲ್ಲ, ಹಾವಿನ ಹಾಗೆ ಸರ್ರನೆ ಬಂತು. ಮೊದಲು ನೊರೆ, ಎರಡು ಬಾಟಲಿ, ಒಂದು ಚಪ್ಪಲಿ. ಆದರೂ ಜನ ಚಪ್ಪಾಳೆ ತಟ್ಟಿದರು. ನಾನು ಕರೆದದ್ದಕ್ಕೇ ನೀರು ಬಂತೆಂದು ನನಗೂ ಅನಿಸಿಬಿಟ್ಟಿತು. ನಾಲ್ಕನೆಯ ನುಡಿಯ ಹೊತ್ತಿಗೆ ತಿರುವಿನ ಕಡೆಯಿಂದ ನೀರು ಕೆಂಪಾಗತೊಡಗಿತು. ದಂಡೆಯಿಂದ ದಂಡೆಗೆ ಕೆಂಪು, ಬಿಸಿಲಿಗೆ ಥಳಥಳ.

"ಆಹಾ, ಯಾವ ಹೂವಪ್ಪ ಇದು" ಎಂದು ಹಿರಿಯರು ಎದ್ದು ನಿಂತರು. "ಮುತ್ತುಗವೇ? ಎಷ್ಟು ರಾಶಿ."

ನನಗೆ ಗೊತ್ತಾಯಿತು. ಅದು ಹೂವಲ್ಲವೆಂದು, ಯಾರದೆಂದು, ಅಲ್ಲಿಗೆ ಹೇಗೆ ಬಂತೆಂದು, ಎಲ್ಲವೂ ಒಂದೇ ಉಸಿರಿನಲ್ಲಿ ಗೊತ್ತಾಯಿತು. ಮೈಕು ನನ್ನ ಬಾಯಿಯ ಮುಂದೆಯೇ ಇತ್ತು. ಒಂದು ಮಾತು ಸಾಕಿತ್ತು. ನಲವತ್ತು ಜನ ಕಾಲುವೆಗೆ ಇಳಿದಿದ್ದರೆ ಅರ್ಧ ಕಾಯಿಯಾದರೂ ಸಿಗುತ್ತಿತ್ತು. ನನ್ನ ಪದ್ಯಕ್ಕೆ ಆರು ನುಡಿ ಇದ್ದವು. ನಾನು ಐದನೆಯದನ್ನು ಓದಿದೆ. ಆರನೆಯದನ್ನೂ ಓದಿದೆ. ಹೆದರಿದ್ದೆ, ಗೇಟಿನ ಗುಟ್ಟು ಬಯಲಾಗುತ್ತದೆಂದು ನಾಲಿಗೆ ಕಟ್ಟಿತು ಎಂದು ಆಮೇಲೆ ಮನೆಯವರ ಮುಂದೆ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಆರನೆಯ ನುಡಿ ಚೆನ್ನಾಗಿತ್ತು.

ಅಷ್ಟರಲ್ಲಿ ಸಣ್ಣವ್ವ ರೊಟ್ಟಿ ಬುಟ್ಟಿ ಹೊತ್ತು ಬಂದಳು, ಹಿಂದೆ ಶರಣಮ್ಮ. ನೀರು ನೋಡಿದಳು. ಬುಟ್ಟಿ ಇಳಿಸಿ, ಸೀರೆ ಮೇಲೆ ಕಟ್ಟಿ, ರೊಟ್ಟಿಗೆ ಸುತ್ತಿದ್ದ ಬಟ್ಟೆ ಸೆಳೆದುಕೊಂಡು ಸೊಂಟಮಟ್ಟದ ನೀರಿಗೆ ಇಳಿದಳು. ಮಗಳು ಆಚೆ ತುದಿ ಹಿಡಿದಳು. ಇಬ್ಬರೂ ಬಟ್ಟೆಯಲ್ಲಿ ಕಾಯಿ ಬಾಚುತ್ತ ದೂರ ಸರಿದರು; ಸಣ್ಣವ್ವ ನೀರಿಗೆ, ನೀರು ಬಿಟ್ಟವನಿಗೆ, ಅವನ ಹೆತ್ತವರಿಗೆ ಒಂದೇ ಸಮನೆ ಬೈಯುತ್ತಿದ್ದಳು. ನೀರು ಬಿಟ್ಟವನು ತನ್ನ ಗಂಡನೇ ಎಂಬುದು ಅವಳಿಗೆ ಆಗಿನ್ನೂ ತಿಳಿದಿರಲಿಲ್ಲ. ದೂರಕ್ಕೆ ಬೈಗುಳ ಹಾಡಿನ ಹಾಗೆ ಕೇಳಿಸುತ್ತದೆ. ಹಿರಿಯರು ಕೈ ಮುಗಿದು, "ನೋಡಿ, ಈ ಜನ ನೀರಿನ ಜೊತೆ ಹೇಗೆ ಮಾತಾಡುತ್ತಾರೆ. ಗಂಗೆಗೆ ಹೂ ಬಿಟ್ಟು ಪೂಜೆ ಮಾಡುತ್ತಿದ್ದಾರೆ" ಅಂದರು. ಕವಿಗಳು ಮೊಬೈಲು ತೆಗೆದು ಫೋಟೋ ಹಿಡಿದರು. ನೀರಿಗೆ ಒಬ್ಬನೂ ಇಳಿಯಲಿಲ್ಲ, ಪೂಜೆಗೆ ಭಂಗ ಬರಬಾರದೆಂದು.

ಗುರುಲಿಂಗಪ್ಪ ಸರ್‌ಗಂತೂ ಸಡಗರ. ಸಣ್ಣವ್ವನನ್ನು ದಂಡೆಗೆ ಕರೆಸಿ, ತೊಟ್ಟಿಕ್ಕುವ ಸೀರೆಯ ಮೇಲೇ ಹಿರಿಯರ ಕೈಯಿಂದ ಶಾಲು ಹೊದಿಸಿದರು. "ಎರಡು ಮಾತಾಡ್ರಿ, ತಾಯಿ" ಎಂದು ಮೈಕು ಬಾಯಿಗೆ ಹಿಡಿದರು. ಆಗಲೇ ಭೀಮಣ್ಣ ಕಾಕಾ ಗೇಟು ಇಳಿಸಿ, ಹರಿದು ಹೋಗುವ ಕಾಯಿಯ ಹಿಂದೆಯೇ ಓಡೋಡಿ ಬಂದು ಜನರ ಹಿಂದೆ ನಿಂತ. ಅವನ ಕೈಯೆಲ್ಲ ಗೇಟಿನ ಗ್ರೀಸು. ಸಣ್ಣವ್ವ ಆ ಕೈ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳು ಬಾಯಿ ಬಿಟ್ಟರೆ, ಬಂದ್ ಇದ್ದಾಗ ನೀರು ಹೇಗೆ ಬಂತೆಂಬ ಪ್ರಶ್ನೆ ಏಳುತ್ತದೆ. ಕಾಯಿಯ ಜೊತೆಗೆ ಗಂಡನ ಕೆಲಸವೂ ಹರಿದು ಹೋಗುತ್ತದೆ. ಮಾತು ನಿಲ್ಲದ ಬಾಯಿ ಎಂದು ಕಾಕಾ ಹೇಳಿದ್ದನಲ್ಲ, ಆ ಬಾಯಿಗೆ ಅವಳು ಮೈಕನ್ನು ತಾನೇ ಎಳೆದುಕೊಂಡಳು.

"ರೊಟ್ಟಿ ತಣ್ಣಗಾಗ್ತಾವ," ಅಂದಳು. "ಉಣ್ರಿ."

ದೊಡ್ಡ ಚಪ್ಪಾಳೆ ಬಿತ್ತು. ನನ್ನ ಆರು ನುಡಿಗೂ ಅಷ್ಟು ಬಿದ್ದಿರಲಿಲ್ಲ.

ಬಾಚಿ ತಂದ ಕಾಯಿ ಬಿಸಿಲಿಗೆ ಬಿಳಿಚಿಕೊಂಡಿತು, ಒಳಗೆ ಬೂಸಲು ಹಿಡಿಯಿತು. ಕೊಳ್ಳಲು ಬಂದವನು ಒಂದು ಕಾಯಿ ಮುರಿದು ನೋಡಿ, ಗಾಡಿ ತಿರುಗಿಸಿಕೊಂಡು ಹೋದ. ಶರಣಮ್ಮ ಆ ವರ್ಷ ಯಾದಗಿರಿಗೆ ಹೋಗಲಿಲ್ಲ. ಹತ್ತಿ ಬಿಡಿಸಲು ಹೋದಳು. ಬೂಸಲು ಹತ್ತದ ಒಂದಿಷ್ಟನ್ನು ಸಣ್ಣವ್ವ ಆರಿಸಿ, ಕುಟ್ಟಿ ಖಾರ ಮಾಡಿ ಡಬ್ಬಿಗೆ ತುಂಬಿಟ್ಟಳು. ಅವರ ಮನೆಯಲ್ಲಿ ನನಗೆ ಊಟ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು. ಹೋದಾಗಲೆಲ್ಲ ರೊಟ್ಟಿಯ ಮಗ್ಗುಲಿಗೆ ಆ ಬಿಳಿಚಿದ ಪುಡಿ ಹಾಕಿ, "ಉಣ್ಣು, ನಿನ್ನ ಹೂವಿಂದೇ ಅದ" ಅನ್ನುತ್ತಾಳೆ. ನಾನು ಅದನ್ನು ಬೆರಳಿಗೂ ಹಚ್ಚದೆ ಎದ್ದುಬಿಡುತ್ತೇನೆ.

ಮೊನ್ನೆ ಕಮ್ಮಟದ ಕವನ ಸಂಕಲನ ಬಂತು. ನಲವತ್ತು ಕವಿಗಳಲ್ಲಿ ಮೂವತ್ತೊಂಬತ್ತು ಜನ ಕೆಂಪು ಹೂವಿನ ಮೇಲೆ ಬರೆದಿದ್ದಾರೆ. ಉಳಿದವನು ಸಗರದ ಕವಿ, ನಿದ್ದೆಯ ಮೇಲೆ ಬರೆದಿದ್ದಾನೆ. ಪುಸ್ತಕದಲ್ಲಿ ಸುಳ್ಳು ಹೇಳದವನು ಅವನೊಬ್ಬನೇ. ಆ ಮೂವತ್ತೊಂಬತ್ತರಲ್ಲಿ ನಾನೂ ಇದ್ದೇನೆ. ಹೌದು, ಹಳೆಯ ಪದ್ಯಕ್ಕೆ ಹೂವಿನ ಏಳನೆಯ ನುಡಿ ಸೇರಿಸಿ ಕೊಟ್ಟಿದ್ದೆ. ಶರಣಮ್ಮ ಹೊಲದಿಂದ ಬಂದವಳು ಕೈ ತೊಳೆದುಕೊಂಡು, ನಿಂತೇ ಅದನ್ನು ಓದಿದಳು. ಪುಸ್ತಕ ಮುಚ್ಚಿ ಕೊಟ್ಟಳು.

"ಚಲೋ ಅದ, ಅಣ್ಣ. ಒಂದು ಮಾತು ಕೇಳಲೇನು?"

"ಕೇಳವ್ವ."

"ಆ ಹೂವಿಗೆ ಖಾರ ಇತ್ತೇನು?"

ಈ ವರ್ಷದ ಕಮ್ಮಟ ಶಹಾಪುರದ ಗುಡ್ಡದ ಮೇಲೆ. "ಗುಡ್ಡಕ್ಕ ಗೇಟ್ ಇಲ್ಲ, ಪುಣ್ಯಾ. ಹೋಗಿ ಬಾ" ಅಂದ ಕಾಕಾ. ಹೋಗಬಾರದು ಎಂದುಕೊಂಡೆ. ಆದರೆ ಕರೆಯೋಲೆಯಲ್ಲಿ ನನ್ನ ಹೆಸರು ಮೇಲಿನಿಂದ ನಾಲ್ಕನೆಯದು. ನಡುವೆ ನಿಲ್ಲಿಸುವುದು ನನಗೆ ಗೊತ್ತಿಲ್ಲವೆಂದು ಮೊದಲೇ ಹೇಳಿದ್ದೇನಲ್ಲ. ಅಂದು ಹೇಳದೆ ಉಳಿದ ಮಾತನ್ನು ಈ ಸಲ ಪದ್ಯಕ್ಕೆ ಮೊದಲು ಹೇಳಿಬಿಡಬೇಕೆಂದು, ಹೇಳುವಾಗ ಕಣ್ಣಲ್ಲಿ ಎರಡು ಹನಿ ನೀರಾದರೂ ಇರಲೆಂದು, ಸಣ್ಣವ್ವನ ಡಬ್ಬಿಯಿಂದ ಒಂದು ಹಿಡಿ ಖಾರ ಇಸಿದುಕೊಂಡು ಮನೆಯಲ್ಲಿ ತಿಂದು ನೋಡಿದೆ. ಕಣ್ಣು ಒಣಗಿಯೇ ಇದ್ದವು. ಅಷ್ಟು ನೀರು ಕುಡಿದ ಕಾಯಿಯಲ್ಲಿ ಖಾರವೇ ಉಳಿದಿರಲಿಲ್ಲ.