ಷಡ್ಡಕನ ವೆಡ್ಜು, ಕುರುಗೋಡಿನ ಸಾಣೆ

ನನ್ನ ಷಡ್ಡಕ ಸಂಗಮೇಶನನ್ನು ಸರಕೆಂದುಕೊಂಡು ಅಂಗೈಯಲ್ಲಿ ಹಿಡಿದು ನೋಡಿದರೆ ದೋಷ ಸಿಗುವುದು ಕಷ್ಟ. ಕಾಳು ಉದ್ದ, ತೇವ ಕಡಿಮೆ, ಕಲ್ಲಿಲ್ಲ, ನುಚ್ಚು ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಪಾಲಿಶ್ ಮಾತ್ರ ಒಂದು ಸುತ್ತು ಜಾಸ್ತಿ. ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಕ್ಕಿ ವ್ಯಾಪಾರ ಮಾಡುತ್ತಿರುವವನು ನಾನು. ಇಂಥ ಮಾಲು ಬೇರೆಯವರ ಅಂಗಡಿಯಲ್ಲಿ ಕಂಡಾಗ ನಾವು ಬಾಯಲ್ಲಿ ‘ಸಾಧಾರಣ ಐತಿ’ ಅನ್ನುತ್ತೇವೆ, ಒಳಗೆ ಉರಿಯುತ್ತಿರುತ್ತದೆ. ಸಂಗಮೇಶನ ವಿಷಯದಲ್ಲಿ ನಾನು ಹದಿನಾಲ್ಕು ವರ್ಷದಿಂದ ‘ಸಾಧಾರಣ’ ಅನ್ನುತ್ತಲೇ ಬಂದಿದ್ದೇನೆ.

ಅವನು ನನ್ನ ಹೆಂಡತಿ ಅಕ್ಷತಾಳ ತಂಗಿಯ ಗಂಡ. ಊರಾಚೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಕಾರ್ಖಾನೆಗೊಂದು ಕಾಲೊನಿ, ಕಾಲೊನಿಗೊಂದು ಗಾಲ್ಫ್ ಮೈದಾನ, ಮೈದಾನಕ್ಕೊಬ್ಬ ಸಂಗಮೇಶ. ಕಳೆದ ಏಪ್ರಿಲ್‌ನ ಒಂದು ಭಾನುವಾರ ಹೈದರಾಬಾದಿನ ರೈಲು ಹಿಡಿಯುವ ಮೊದಲು ನಮ್ಮ ಮನೆಗೆ ಬಂದ. ಹೆಗಲಿಗೆ ಹೆಣದಷ್ಟು ಉದ್ದದ ಚೀಲ. ಅದರಿಂದ ಒಂದು ಗಿಡ್ಡ ದೊಣ್ಣೆ ಎಳೆದ.

ಅದಕ್ಕೆ ವೆಡ್ಜ್ ಅನ್ನುತ್ತಾರಂತೆ. (ಗಾಲ್ಫಿನಲ್ಲಿ ಚೆಂಡನ್ನು ಮೈಲಿಗಟ್ಟಲೆ ಅಟ್ಟುವ ದೊಣ್ಣೆ ಬೇರೆ, ಕುಳಿಯ ಹತ್ತಿರ ಬಂದ ಮೇಲೆ ಅದೇ ಚೆಂಡನ್ನು ಮೇಲಕ್ಕೆತ್ತಿ, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಂತೆ ಇಳಿಸುವ ದೊಣ್ಣೆ ಬೇರೆ. ಇದು ಎರಡನೆಯದು. ಮುಖ ಆಕಾಶ ನೋಡುತ್ತಿರುತ್ತದೆ, ಮ್ಯಾನೇಜರುಗಳ ಹಾಗೆ.)

“ಅಣ್ಣಾರ, ಕೈಯಾಗ ಹಿಡದು ನೋಡ್ರಿ,” ಅಂದ.

ಹಿಡಿದೆ. ಸುಳ್ಳು ಯಾಕೆ ಹೇಳಲಿ, ಕೈಗೆ ಸೊಗಸಾಗಿ ಬಂತು. ಭಾರವೆಲ್ಲ ತಲೆಯಲ್ಲಿ, ಆದರೂ ಬೆರಳ ತುದಿಗೆ ಅದರ ಸುದ್ದಿ ಮುಟ್ಟುತ್ತಿತ್ತು.

“ಸಾಧಾರಣ ಐತಿ,” ಅಂದೆ.

“ತಳ ನೋಡ್ರಿ. ಹೊಟ್ಟಿ ಬಂದೈತಲ್ಲ, ಅದರಾಗ ಐತಿ ಗುಟ್ಟು. ಹೊಟ್ಟಿ ಇಲ್ಲಾಂದ್ರ ಉಸುಕಿನಾಗ ಹುಗಿದು ಹೋಗತೈತಿ. ಇದ್ರ ತೇಲಿ ಬರ್ತೈತಿ.”

“ಹೊಟ್ಟಿ ನಮ್ಮ ಮನಿಯವ್ರಿಗೂ ಐತಿ,” ಅಂದಳು ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಅಕ್ಷತಾ. “ಇಲ್ಲೀತನ ಏನೂ ತೇಲಿ ಬಂದಿಲ್ಲ.”

ಮಹಡಿಯ ಮೇಲೊಂದು ಕೋಣೆ ಕಟ್ಟಿಸಲು ನಾನೇ ತರಿಸಿದ್ದ ಉಸುಕಿನ ಗುಡ್ಡೆ ಗೇಟಿನ ಬಳಿ ಇತ್ತು. ಸಂಗಮೇಶ ಅದರ ಮೇಲೆ ಚೆಂಡಿಟ್ಟು, ಸೊಂಟ ಒಂದಿಷ್ಟು ಅಲ್ಲಾಡಿಸಿ (ಅದು ಬೇಕೇ ಬೇಕಂತೆ), ದೊಣ್ಣೆ ಬೀಸಿದ. ‘ಥಪ್’ ಎಂದು ಒಂದು ಹಿಡಿ ಉಸುಕು ಎದ್ದಿತು. ಚೆಂಡು ನನ್ನ ಸ್ಕೂಟರಿನ ಮೇಲಿಂದ ಹಾದು, ಗಾಳಿಯಲ್ಲಿ ಕೊಂಚ ಯೋಚನೆ ಮಾಡಿ, ಅಕ್ಷತಾಳ ಮೊರದೊಳಗೆ ಇಳಿಯಿತು. ಒಂದು ಕಾಳು ಚೆಲ್ಲಲಿಲ್ಲ.

“ಹತ್ತಿ ಬಿದ್ದಂಗ ಬಿತ್ತು ನೋಡ್ರಿ,” ಅಂದಳು ನನ್ನ ಧರ್ಮಪತ್ನಿ. “ಕೈ ಅಂದ್ರ ಹಿಂಗಿರಬೇಕು. ನೀವು ಟವಲ್ ಇಡಾಕ ಹೋದ್ರೂ ಹಾಲಿನ ಲೋಟ ಉರುಳತೈತಿ.”

ನಾನೂ ಒಂದು ಕೈ ನೋಡಿದೆ. ಚೆಂಡು ಕೂತಲ್ಲೇ ಕೂತಿತ್ತು. ಉಸುಕು ಮಾತ್ರ ಹಾರಿ ಮೊರ ಸೇರಿತು.

“ಕಲಬೆರಕಿ ಮಾಡಾಕ ಚಲೋ ಬರ್ತೈತಿ ನಿಮಗ,” ಅಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಸಹಿಸುತ್ತಿದ್ದೆ. ಮುಂದಿನ ಭಾನುವಾರ ಕಾಲೊನಿಯಲ್ಲಿ ಪಂದ್ಯವಂತೆ. ಅದನ್ನು ನೋಡಲು ಸಿರುಗುಪ್ಪದಿಂದ ನಮ್ಮ ಮಾವ ಮರಿಬಸಪ್ಪನವರು ಬರುತ್ತಾರಂತೆ. ಹತ್ತೊಂಬತ್ತು ವರ್ಷದಲ್ಲಿ ಮಾವನವರು ನನ್ನ ಅಂಗಡಿಗೆ ಬಂದದ್ದು ಒಂದೇ ಸಲ, ಮರೆತು ಬಿಟ್ಟುಹೋದ ಕೊಡೆ ಒಯ್ಯಲು. ಸಣ್ಣ ಅಳಿಯ ಚೆಂಡು ಹೊಡೆಯುವುದನ್ನು ನೋಡಲು ಅವರು ಐವತ್ತು ಚಿಲ್ಲರೆ ಕಿಲೋಮೀಟರ್ ಬರುತ್ತಾರೆ. ಆ ಹೊತ್ತೇ ನಿಶ್ಚಯಿಸಿದೆ: ಮಾವನವರ ಕಣ್ಣೆದುರಿಗೆ ಈ ಮಹಾನುಭಾವ ಒಂದು ಸಲವಾದರೂ ಸೋಲಬೇಕು.

ಸಂಗಮೇಶ ಚೀಲವನ್ನು ನಮ್ಮ ಮನೆಯಲ್ಲೇ ಬಿಟ್ಟು ರೈಲು ಹತ್ತಿದ. ರೈಲಿನಿಂದ ಇಳಿದವನೇ ನೆಟ್ಟಗೆ ಮೈದಾನಕ್ಕೆ ಬರುತ್ತಾನೆ, ಚೀಲ ನಾವು ತರಬೇಕು. ಸೋಮವಾರ ಅಕ್ಷತಾ ಆ ವೆಡ್ಜಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿದಳು. ಮಂಗಳವಾರ ಮತ್ತೆ ಒರೆಸಿದಳು. ನನ್ನ ತಕ್ಕಡಿಗೆ ಮದುವೆಯಾದಾಗಿನಿಂದ ಒಂದು ದಿನ ಬಟ್ಟೆ ಮುಟ್ಟಿಸಿದವಳಲ್ಲ. ಬುಧವಾರ ಅವಳು ಮೂರನೆಯ ಸಲ ಒರೆಸುವುದನ್ನು ನೋಡಿ, ಗುರುವಾರ ಭತ್ತ ನೋಡುವ ನೆಪದಲ್ಲಿ ಕುರುಗೋಡಿಗೆ ಹೊರಟೆ. ಗೋಣಿತಾಟಿನಲ್ಲಿ ಸುತ್ತಿದ ವೆಡ್ಜು ಜೊತೆಗಿತ್ತು.

ಕುರುಗೋಡಿನಲ್ಲಿ ಎರ್ರಿ ಅಂತ ಒಬ್ಬ ಕಮ್ಮಾರ. ಕುಡುಗೋಲು, ಕೊಡಲಿಗೆ ಅವನಂತೆ ಸಾಣೆ ಹಿಡಿಯುವವರು ಸುತ್ತಮುತ್ತ ಇಲ್ಲ. ವೆಡ್ಜನ್ನು ತಿರುಗಿಸಿ ಮುರುಗಿಸಿ ನೋಡಿದ.

“ಏನು ಸಾಮಾನ್ರಿ ಸಾವ್ಕಾರ್ರ ಇದು?”

“ಕಳಿ ತಗಿಯೋದು.”

“ನಿಂತ್ಕೊಂಡು ಕಳಿ ತಗೀತಾರೇನ್ರಿ?”

“ಶ್ರೀಮಂತರು ಹಂಗ ತಗೀತಾರ. ಈ ತಳದಾಗಿನ ಹೊಟ್ಟಿ ಐತಲ್ಲ, ಅದನ್ನ ಇಳಿಸಿ ಕೊಡು.”

ಎರ್ರಿ ಎದ್ದು ತನ್ನ ಅಂಗಳದ ಬಿರುಸು ನೆಲಕ್ಕೆ ಅದನ್ನು ಎರಡು ಸಲ ಕುಟ್ಟಿದ. ಎರಡು ಸಲವೂ ಅದು ಪುಟಿದೆದ್ದಿತು. “ಹೊಟ್ಟಿ ತಗದ್ರ ನೆಲಾ ಕಚ್ಚತೈತ್ರಿ,” ಅಂದ.

“ಕಚ್ಚಲಿ. ಕಚ್ಚಬೇಕು,” ಅಂದೆ. ಆಗ ನನ್ನ ಮುಖದಲ್ಲಿದ್ದ ಕಳೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವನು ಸಾಣೆಗೆ ಹಿಡಿದ. ಸ್ವಲ್ಪ ಉಜ್ಜುವುದು, ಕೈಯಲ್ಲಿ ತೂಗುವುದು, ಕಣ್ಣು ಮುಚ್ಚಿ ಬೀಸುವುದು, ಮತ್ತೆ ಉಜ್ಜುವುದು. ದೊಣ್ಣೆಯ ತಳದ ಹಿಮ್ಮಡಿ ಇಳಿಸಿದ, ಹಿಂದಿನ ಅಂಚು ಇಳಿಸಿದ. ನನ್ನ ದ್ರೋಹಕ್ಕೆ ಇಷ್ಟು ನಾಜೂಕಿನ ಕೆಲಸ ಬೇಕಾಗಿರಲಿಲ್ಲ. ಆದರೆ ಕಸುಬುದಾರನಿಗೆ ಕೆಟ್ಟ ಕೆಲಸ ಮಾಡಲು ಬರಬೇಕಲ್ಲ.

ಭಾನುವಾರ ಬೆಳಗ್ಗೆ ಮಾವ, ಅತ್ತೆ ಶಿವಬಸಮ್ಮನವರು, ಅಕ್ಷತಾ, ಚೀಲ, ನಾನು, ಎಲ್ಲ ಒಂದೇ ಕಾರಿನಲ್ಲಿ ಹೋದೆವು. ಗಾಲ್ಫ್ ಮೈದಾನವೆಂದರೆ ಹಸಿರು ರತ್ನಗಂಬಳಿ ಎಂದುಕೊಂಡಿದ್ದೆ. ಕುಳಿಗಳ ಸುತ್ತ ಒಂದಿಷ್ಟು ಹುಲ್ಲಿತ್ತು. ಉಳಿದದ್ದು ನಮ್ಮ ಬಳ್ಳಾರಿಯ ನೆಲವೇ, ಏಪ್ರಿಲ್ ಬಿಸಿಲಿಗೆ ರೊಟ್ಟಿಯ ಹಂಚಿನಂತೆ ಬಿರುಸಾಗಿತ್ತು.

ಸಂಗಮೇಶ ದೂರದ ಹೊಡೆತಗಳನ್ನು ಚೆನ್ನಾಗಿಯೇ ಹೊಡೆದ. ಮೊದಲ ಕುಳಿಯ ಹತ್ತಿರ ಬಂದು ವೆಡ್ಜು ಕೈಗೆತ್ತಿಕೊಂಡವನು ತಡೆದ. ತಳ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಸವರಿದ. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ನೋಡಿದ. ನಾನು ಒಂದು ಬೇವಿನ ಮರದ ಎಲೆಗಳನ್ನು ಬಹಳ ಆಸಕ್ತಿಯಿಂದ ಪರಿಶೀಲಿಸತೊಡಗಿದೆ.

ಅವನು ಬೀಸಿದ. ದೊಣ್ಣೆಯ ಅಂಚು ಚೆಂಡಿನ ಅಡಿಗೆ, ದೋಸೆಯ ಅಡಿಗೆ ಸೌಟು ಹೋಗುವಂತೆ, ಸದ್ದಿಲ್ಲದೆ ನುಗ್ಗಿತು. ಚೆಂಡು ಎದ್ದು, ಇಳಿದು, ಎರಡು ಹೆಜ್ಜೆ ಕುಣಿದು, ಕಡಿವಾಣ ಎಳೆದಂತೆ ನಿಂತಿತು. ಕುಳಿಗೆ ಒಂದು ಗೇಣು ದೂರ.

ಮುಂದಿನ ಕುಳಿಯಲ್ಲೂ ಹಾಗೇ. ಅದರ ಮುಂದಿನದರಲ್ಲೂ ಹಾಗೇ. ಹುಗಿದುಹೋಗಲು ಅಲ್ಲಿ ಮೆತ್ತನೆಯ ಮಣ್ಣೇ ಇರಲಿಲ್ಲ. ಕೊನೆಯ ಕುಳಿಯಲ್ಲಿ ಚೆಂಡು ಬೋಳು ನೆಲದ ಮೇಲೆ ಬಿದ್ದಿತ್ತು, ಎದುರಿಗೆ ಉಸುಕಿನ ಗುಂಡಿ. ನಾನು ಮನೆದೇವರಿಗೆ ತೆಂಗಿನಕಾಯಿ ಹೇಳಿಕೊಂಡೆ. ಚೆಂಡು ಗುಂಡಿ ದಾಟಿ ಉರುಳಿ ಕುಳಿಯೊಳಗೇ ಹೋಯಿತು. ಮಾವನವರು ಸೀಟಿ ಹೊಡೆದರು. ಅವರಿಗೆ ಸೀಟಿ ಹೊಡೆಯಲು ಬರುತ್ತದೆಂದು ಅತ್ತೆಯವರಿಗೂ ಗೊತ್ತಿರಲಿಲ್ಲ.

ಬಹುಮಾನದ ಕಪ್ ಕೈಗೆ ಬಂದ ಮೇಲೆ ಸಂಗಮೇಶ ಮೈಕು ಹಿಡಿದು ಕರೆದದ್ದು ನನ್ನನ್ನು.

“ಎರಡು ವರ್ಷ ಆತ್ರಿ, ಈ ನೆಲದ ಮ್ಯಾಲೆ ನನ್ನ ವೆಡ್ಜು ಪುಟಿದು ಪುಟಿದು ಚೆಂಡೆಲ್ಲ ಬೇಲಿ ದಾಟತಿತ್ತು. ಆಫೀಸಿನಾಗ ನಗತಿದ್ರು. ನಾನು ಗೆಲ್ಲತಿದ್ದದ್ದು ಎಲ್ಲಿ ಅಂದ್ರ ನಮ್ಮ ಅಣ್ಣಾರ ಮನಿ ಮುಂದಿನ ಉಸುಕಿನ ಗುಡ್ಡಿ ಮ್ಯಾಲೆ, ಅಷ್ಟ. ನಾಚಿಕಿ ಆಗಿ ಯಾರಿಗೂ ಹೇಳಿದ್ದಿಲ್ಲ. ಅಣ್ಣಾರು ಒಂದ ಸಲ ಕೈಯಾಗ ಹಿಡದು ದೋಷ ಕಂಡುಹಿಡದ್ರು. ಹೇಳದ, ಕೇಳದ ರಿಪೇರಿ ಮಾಡಿಸಿ ತಂದ್ರು. ಮಾವಾರು ಅಕ್ಕಿ ವಿಷಯಕ್ಕ ಇವರನ್ನ ಯಾಕ ಕೇಳತಾರ ಅಂತ ನನಗ ಭಾಳ ದಿನದಿಂದ ಹೊಟ್ಟಿಕಿಚ್ಚಿತ್ತು. ಇವತ್ತು ಗೊತ್ತಾತು.”

ಚಪ್ಪಾಳೆ ಬಿತ್ತು. ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಳಿಯಾರ, ಕೈ ಅಂದ್ರ ನಿಮ್ಮದು,” ಅಂದರು. ಹತ್ತೊಂಬತ್ತು ವರ್ಷದಿಂದ ಕಾದಿದ್ದ ಮಾತು. ಬಂದಾಗ ನುಂಗಲಾಗಲಿಲ್ಲ.

ಮನೆಗೆ ಬಂದ ಮೇಲೆ ಅಕ್ಷತಾ ನೀರು ಕೊಡುತ್ತಾ ಕೇಳಿದಳು: “ದೋಷ ಐತಿ ಅಂತ ನಿಮಗ ಗೊತ್ತಾಗಿ ಮಾಡಿಸಿದ್ರಿ?”

“ಮತ್ತ? ವ್ಯಾಪಾರಸ್ಥನ ಕೈ.”

“ಎರ್ರಿ ಶುಕ್ರವಾರ ಫೋನ್ ಮಾಡಿದ್ದ. ‘ಅವ್ವಾರ, ಸಾವ್ಕಾರ್ರು ಕಚ್ಚಲಿ, ಕಚ್ಚಬೇಕು ಅಂತ ಹಲ್ಲು ಕಡೀತಿದ್ರು, ಮನಿಯಾಗ ಎಲ್ಲಾರೂ ಆರಾಮ ಅದಾರಿಲ್ಲ’ ಅಂತ ಕೇಳಿದ.”

ಲೋಟದಿಂದ ಮುಖ ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.

“ಹೇಳಂಗಿಲ್ಲ ಬಿಡ್ರಿ,” ಅಂದಳು. “ಆದ್ರ ಸಂಗಮೇಶ ಎಷ್ಟು ಸಲ ಕೆಲಸಾ ಹೇಳಿದ್ರೂ ಇಲ್ಲ ಅನ್ನಂಗಿಲ್ಲ ನೀವು.”

ಯಾವ ಕೆಲಸ ಎಂಬುದು ಮರುದಿನ ತಿಳಿಯಿತು. ಕಾರ್ಖಾನೆಯ ಜೀಪು ಅಂಗಡಿ ಮುಂದೆ ನಿಂತು ಹನ್ನೊಂದು ವೆಡ್ಜುಗಳನ್ನು ಇಳಿಸಿತು. ಒಂದೊಂದಕ್ಕೂ ಒಬ್ಬೊಬ್ಬ ಸಾಹೇಬರ ಹೆಸರಿನ ಚೀಟಿ. ಈಗ ಪ್ರತಿ ಗುರುವಾರ ನಾನು ಆ ವಾರ ಬಂದವುಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಕುರುಗೋಡಿಗೆ ಹೋಗುತ್ತೇನೆ. ಸಾಣೆಯ ಪಕ್ಕದಲ್ಲಿ ಕೂತು ಎರ್ರಿಗೆ ನೀರು ಚಿಮುಕಿಸುತ್ತೇನೆ. ಸಂಗಮೇಶ ಪ್ರತಿ ವಾರ ಫೋನ್ ಮಾಡಿ, “ನಿಮ್ಮಂಥ ಷಡ್ಡಕರು ಯಾರಿಗೆ ಸಿಗತಾರ ಅಣ್ಣಾರ,” ಅನ್ನುತ್ತಾನೆ. ಅವನ ಧ್ವನಿಯಲ್ಲಿ ಚೇಷ್ಟೆಯಿಲ್ಲ, ಅದೇ ಕಷ್ಟ.

ಅವನಿಗೆ ನಾನು ಒಂದು ಕ್ಷಮೆ ಕೇಳಬೇಕಾಗಿದೆ. ಇನ್ನೂ ಕೇಳಿಲ್ಲ.